ಇಂಟರ್‌ಸೆಪ್ಟರ್‌ನಲ್ಲಿ ಮುಳ್ಳಯ್ಯನಗಿರಿ: ಗಾಡಿಗೆ ಏನು ಹಾಕಿಸಬೇಕು, ಏನು ಬೇಡ

ಹಾಸನದಿಂದ ಬೇಲೂರು, ಚಿಕ್ಕಮಗಳೂರು, ಮುಳ್ಳಯ್ಯನಗಿರಿ. ವಾಪಸ್ ಬರುವಾಗ ಮೂಡಿಗೆರೆ, ಸಕಲೇಶಪುರದ ಮೇಲೆ ಹಾಸನ. ಎಲ್ಲಾ ಸೇರಿ 200 ಕಿ.ಮೀ. ಚಿಲ್ಲರೆ, ಬೆಳಿಗ್ಗೆ ಬೇಗ ಹೊರಟರೆ ಒಂದೇ ದಿನದಲ್ಲಿ ಆಗುತ್ತದೆ. ನನ್ನದು ಸ್ಪೋಕ್ ಚಕ್ರದ ಇಂಟರ್‌ಸೆಪ್ಟರ್ 650, ರಾಯಲ್ ಎನ್‌ಫೀಲ್ಡ್ ಬೈಕ್. ಈ ಗಾಡಿ ತಗೊಂಡವರು ಮೊದಲು ಕೈ ಹಾಕುವುದೇ ಸೈಲೆನ್ಸರ್‌ಗೆ. ಈ ರಸ್ತೆಗೆ ಹೋಗುವವರಾದರೆ ಆ ದುಡ್ಡನ್ನು ಟೈರಿಗೆ ಇಡಿ.

ಹತ್ತುವುದಕ್ಕೆ ಏನೂ ಬೇಡ. 648 ಸಿಸಿ, ಎರಡು ಸಿಲಿಂಡರ್, 47 ಪಿಎಸ್ (ಅಶ್ವಶಕ್ತಿ). ಎರಡನೇ, ಮೂರನೇ ಗೇರ್‌ನಲ್ಲಿ ಸುಮ್ನೆ ಎಳೆದುಕೊಂಡು ಹೋಗುತ್ತದೆ. ಕಷ್ಟ ಇರುವುದು ಇಳಿಯುವಾಗ. ಗಾಡಿಯೇ 200 ಕೆ.ಜಿ. ಮೇಲೆ, ಹಿಂದೆ ಒಬ್ಬರು ಕೂತರೆ ಕೇಳಲೇಬೇಡಿ. ಬರೀ ಬ್ರೇಕ್ ನಂಬಿಕೊಂಡು ಇಳಿದರೆ ಪ್ಯಾಡ್ ಕಾದು ಹಿಡಿತ ಕಡಿಮೆಯಾಗುತ್ತದೆ. ಎರಡನೇ ಗೇರ್‌ನಲ್ಲಿ ಇಟ್ಟು ಎಂಜಿನ್ನೇ ಗಾಡಿಯನ್ನು ತಡೆಯಲಿ. ಸವೆದ ಪ್ಯಾಡ್ ಇದ್ದರೆ ಹೊರಡುವ ಮೊದಲೇ ಬದಲಿಸಿ.

ಟೈರಿನ ಮಾತು ಯಾಕೆಂದರೆ, ಮಳೆ ನಿಂತ ಮೇಲೂ ಮರದಡಿಯ ತಿರುವುಗಳು ಒಣಗುವುದಿಲ್ಲ. ಮೇಲಿಂದ ತೋಟದ ಟ್ರ್ಯಾಕ್ಟರ್‌ಗಳು ಕೆಸರು ಬೇರೆ ಬಿಟ್ಟು ಹೋಗಿರುತ್ತವೆ. ಗಟ್ಟಿಯಾದ ಹಳೇ ಟೈರ್ ಅಲ್ಲಿ ಸೋಪಿನ ಮೇಲೆ ಕಾಲಿಟ್ಟ ಹಾಗೆ. ಇನ್ನೊಂದು ವಿಷಯ: ಸ್ಪೋಕ್ ಚಕ್ರ ಎಂದರೆ ಒಳಗೆ ಟ್ಯೂಬ್ ಇದೆ, ಟ್ಯೂಬ್‌ಲೆಸ್ ಪಂಚರ್ ಕಿಟ್ ಕೆಲಸಕ್ಕೆ ಬರುವುದಿಲ್ಲ. ಹಿಂದಿನದಕ್ಕೂ ಮುಂದಿನದಕ್ಕೂ ಒಂದೊಂದು ಟ್ಯೂಬ್, ಟೈರ್ ಬಿಚ್ಚುವ ಲಿವರ್, ಪಂಪ್ ಜೊತೆಗಿರಲಿ. 2023ರಲ್ಲಿ ಬಂದ ಅಲಾಯ್ ಚಕ್ರದ ಗಾಡಿಯದು ಟ್ಯೂಬ್‌ಲೆಸ್ ಟೈರ್, ಅವರಿಗೆ ಈ ತಲೆನೋವಿಲ್ಲ.

ಹಿಂದಿನ ಶಾಕ್ ಅಬ್ಸಾರ್ಬರ್ ಗಟ್ಟಿ ಅಂತ ಎಲ್ಲರೂ ಗೊಣಗುತ್ತಾರೆ. ಬದಲಿಸುವ ಮೊದಲು ಪ್ರಿಲೋಡ್, ಅಂದರೆ ಅದರ ಸ್ಪ್ರಿಂಗಿನ ಬಿಗಿ, ತಿರುಗಿಸಿ ನೋಡಿ. ಒಬ್ಬರೇ ಇದ್ದರೆ ಕಡಿಮೆ, ಇಬ್ಬರಿದ್ದರೆ ಜಾಸ್ತಿ. ನನಗೆ ಅಷ್ಟೇ ಸಾಕಾಯಿತು. ಸೀಟಿಗಂತೂ ಖರ್ಚು ಮಾಡಲೇಬೇಕು. ಬೇಲೂರಿನವರೆಗೆ ಏನೂ ಅನ್ನಿಸುವುದಿಲ್ಲ, ವಾಪಸ್ ಮೂಡಿಗೆರೆ ಹೊತ್ತಿಗೆ ಸೊಂಟ ಮಾತಾಡುತ್ತದೆ. ದುಬಾರಿ ಸೀಟ್ ಬೇಡ, ಊರಿನ ಸೀಟ್ ಅಂಗಡಿಯಲ್ಲೇ ಒಳ್ಳೆಯ ಫೋಮ್ ಹಾಕಿಸಿ ಹೊಲಿಸಬಹುದು. ಮಂಜಿಗೆ ಹಳದಿ ಫಾಗ್ ಲೈಟ್ ಒಳ್ಳೆಯದು. ಬಿಳಿ ಹೈ ಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆ ಎದ್ದ ಹಾಗಾಗುತ್ತದೆ, ಅಲ್ವಾ?

ಗಿರಿಗೆ ಹೋಗಲು ಈಗ ಆನ್‌ಲೈನ್‌ನಲ್ಲಿ ಮೊದಲೇ ಬುಕ್ ಮಾಡಬೇಕು. ಮಾಡದೆ ಹೋದರೆ ಕೈಮರದ ಚೆಕ್‌ಪೋಸ್ಟ್‌ನಿಂದ ಹಿಂದೆ ಕಳಿಸುತ್ತಾರೆ. ಶನಿವಾರ, ಭಾನುವಾರ ಬಿಟ್ಟುಬಿಡಿ. ಸೀತಾಳಯ್ಯನಗಿರಿಯಿಂದ ಮುಂದೆ ರಸ್ತೆ ತೀರಾ ಕಿರಿದು, ಎದುರಿಗೆ ಜೀಪು ಬಂದರೆ ಬೆಟ್ಟದ ಬದಿಗೇ ನಿಲ್ಲಿಸಿ. ಕೊನೆಗೆ ಮೆಟ್ಟಿಲು ಹತ್ತಬೇಕು, ರೈಡಿಂಗ್ ಬೂಟಿನಲ್ಲಿ ಅದೇ ಒಂದು ಶಿಕ್ಷೆ. 1,930 ಮೀಟರ್ ಎತ್ತರ, ರಾಜ್ಯದಲ್ಲೇ ಅತಿ ಎತ್ತರದ ಶಿಖರ; ಗಾಳಿ ಜೋರು, ಜಾಕೆಟ್ ತೆಗೆಯಬೇಡಿ.

ಮೇಲೆ ಪೆಟ್ರೋಲ್ ಬಂಕ್ ಇಲ್ಲ. ಟ್ಯಾಂಕ್ 13.7 ಲೀಟರ್, ಹಾಸನದಲ್ಲಿ ತುಂಬಿಸಿದರೆ ಇಡೀ ಸುತ್ತು ಮುಗಿಯುತ್ತದೆ. ಸಕಲೇಶಪುರ ಸೇರಿದ ಮೇಲೆ ಮಂಗಳೂರು ಹೆದ್ದಾರಿ, ಲಾರಿ, ಟ್ಯಾಂಕರ್ ಜಾಸ್ತಿ. ಆ ಭಾಗವನ್ನು ಕತ್ತಲಾಗುವ ಮೊದಲೇ ದಾಟಿಬಿಡಿ.