ಆಟದೊಳಗಿನ ಹಳೇಬೀಡು: ಈ ಮಳೆಗಾಲದ ಆಟಗಳ ದಾಖಲೆ

ವಿಡಿಯೊ ಗೇಮ್‌ಗಳಲ್ಲಿ ನಮ್ಮ ನೆಲ, ನಮ್ಮ ಜನ ಹೇಗೆ ಕಾಣಿಸಿಕೊಂಡಿದ್ದಾರೆ ಎಂಬುದನ್ನು ಆಡಿಯೇ ತಿಳಿದು, ಚಿತ್ರಗಳೊಂದಿಗೆ ಬರೆದಿಡುವ ಹವ್ಯಾಸದ ಕೆಲಸ ಈ ಮಳೆಗಾಲದಲ್ಲಿ ಚೆನ್ನಾಗಿ ಮುಂದುವರಿದಿದೆ. 'ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ'ಯನ್ನು ಎರಡನೆಯ ಬಾರಿ ಮೊದಲಿನಿಂದ ಕೊನೆಯವರೆಗೆ ಆಡಿ ಮುಗಿಸಿದ್ದೇನೆ. 'ವೆಣ್ಬಾ' ಮತ್ತು 'ರಾಜಿ' ಮುಗಿದಿವೆ. 'ರಿಟರ್ನ್ ಆಫ್ ದಿ ಓಬ್ರಾ ಡಿನ್' ಈ ಪಟ್ಟಿಗೆ ಸೇರುತ್ತದೆಂದು ಆರಂಭದಲ್ಲಿ ಎಣಿಸಿರಲಿಲ್ಲ. ಆದರೆ ಆಡಿದ ಮೇಲೆ ಉಳಿದೆಲ್ಲವನ್ನೂ ಅದರ ಮೂಲಕವೇ ಅಳೆಯುವಂತಾಗಿದೆ.

'ಲಾಸ್ಟ್ ಲೆಗಸಿ' 2017ರಲ್ಲಿ ಪ್ಲೇಸ್ಟೇಷನ್ 4 ಎಂಬ ಆಟದ ಯಂತ್ರಕ್ಕೆ ಬಂದಿತು. 2022ರಿಂದ ಕಂಪ್ಯೂಟರಿನಲ್ಲಿಯೂ ಆಡಬಹುದು. ಇದನ್ನು ರಚಿಸಿದ್ದು ಅಮೆರಿಕದ ನಾಟಿ ಡಾಗ್ ಸಂಸ್ಥೆ. ನಾಯಕಿ ಕ್ಲೋಯಿ ಫ್ರೇಜರ್ ಭಾರತೀಯ ತಂದೆಯ ಮಗಳು. ತಂದೆ ಯಾವ ಗಣೇಶನ ದಂತವನ್ನು ಹುಡುಕುತ್ತ ಪ್ರಾಣ ಕಳೆದುಕೊಂಡರೋ ಅದೇ ದಂತವನ್ನು ಅರಸಿ ಆಕೆ, ನೆಡೀನ್ ರಾಸ್ ಎಂಬ ಜೊತೆಗಾತಿಯೊಡನೆ, ಪಶ್ಚಿಮ ಘಟ್ಟಕ್ಕೆ ಬರುತ್ತಾಳೆ. ಆ ದಂತ ಹೊಯ್ಸಳರ ನಿಧಿ ಎಂಬುದು ಕಥೆಯ ಕಲ್ಪನೆ. ಕೋಟ್ಯಂತರ ರೂಪಾಯಿ ಸುರಿದು ತಯಾರಿಸುವ ಇಂಥ ಆಟವೊಂದರಲ್ಲಿ ಪಾತ್ರಗಳು ಹೊಯ್ಸಳರ ಹೆಸರನ್ನು, ಹಳೇಬೀಡು ಬೇಲೂರುಗಳ ಹೆಸರನ್ನು ಮತ್ತೆ ಮತ್ತೆ ಆಡುವುದನ್ನು ಕೇಳಿದಾಗ ಆದ ಸಂತೋಷ ಎರಡನೆಯ ಬಾರಿಗೂ ಕಡಿಮೆಯಾಗಲಿಲ್ಲ.

ಈ ಬಾರಿ ಆಡಿದ್ದು ಗೆಲ್ಲುವುದಕ್ಕಲ್ಲ, ನೋಡುವುದಕ್ಕೆ. ನಾಲ್ಕನೆಯ ಅಧ್ಯಾಯದಲ್ಲಿ ಆಟ ನಮ್ಮನ್ನು ವಿಶಾಲವಾದ ಕಣಿವೆಯೊಂದರಲ್ಲಿ ಜೀಪಿನೊಂದಿಗೆ ಬಿಟ್ಟುಬಿಡುತ್ತದೆ; ತ್ರಿಶೂಲ, ಬಿಲ್ಲು, ಕೊಡಲಿಗಳ ಗುರುತಿನ ಮೂರು ಕೋಟೆಗಳನ್ನು ನಮಗೆ ಬೇಕಾದ ಕ್ರಮದಲ್ಲಿ ತಲುಪಬಹುದು. ಕೆಮ್ಮಣ್ಣು, ಕೆಸರು ಹಾರಿಸುತ್ತ ಏರುವ ದಾರಿ, ಮಳೆಯಲ್ಲಿ ತೊಯ್ದ ಹಸಿರು, ಎಲ್ಲೆಡೆ ಧುಮುಕುವ ನೀರು: ಘಟ್ಟದ ಹವೆಯನ್ನು ಕಲಾವಿದರು ನಿಜಕ್ಕೂ ಹಿಡಿದಿದ್ದಾರೆ. ನಾನು ಪ್ರತಿ ಕಟ್ಟಡದ ಮುಂದೆಯೂ ಫೋಟೊ ಮೋಡ್, ಅಂದರೆ ಆಟವನ್ನು ನಿಲ್ಲಿಸಿ ಚಿತ್ರ ತೆಗೆಯುವ ಸೌಲಭ್ಯ, ತೆರೆದು, ಕ್ಯಾಮೆರಾವನ್ನು ಗೋಡೆಯ ಹತ್ತಿರಕ್ಕೆ ಒಯ್ದು ಚಿತ್ರ ತೆಗೆದುಕೊಂಡೆ. ಆಮೇಲೆ ಅವುಗಳನ್ನು ಹಳೇಬೀಡಿನಲ್ಲಿ ನಾನೇ ತೆಗೆದ ಛಾಯಾಚಿತ್ರಗಳ ಪಕ್ಕದಲ್ಲಿ ಜೋಡಿಸುತ್ತ ಬಂದೆ.

ಜೋಡಿಸಿದಾಗ ಮೊದಲು ಕಣ್ಣಿಗೆ ಹೊಡೆಯುವುದು ಅಳತೆಯ ವ್ಯತ್ಯಾಸ. ಆಟದಲ್ಲಿ ಬೆಟ್ಟವನ್ನೇ ಕಡೆದಂಥ ದೈತ್ಯ ವಿಗ್ರಹಗಳಿವೆ, ಮುಗಿಲು ಮುಟ್ಟುವ ಗೋಪುರಗಳಿವೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯಕ್ಕೆ ಇಂದು ಶಿಖರವೇ ಇಲ್ಲ. ಅದು ಹಾಸನ ಜಿಲ್ಲೆಯ ಬಯಲಿನಲ್ಲಿ, ಹಿಂದೆ ದ್ವಾರಸಮುದ್ರವೆಂಬ ಹೆಸರಿದ್ದ ಊರಿನಲ್ಲಿ, ನಕ್ಷತ್ರಾಕಾರದ ಜಗತಿಯ, ಅಂದರೆ ಎತ್ತರದ ಕಟ್ಟೆಯ, ಮೇಲೆ ಅಗಲವಾಗಿ ಹರಡಿಕೊಂಡಿದೆ. ಬೇಲೂರಂತೂ ಕಾಡಿನಲ್ಲಿ ಅಡಗಿದ ಪಾಳು ನಗರವಲ್ಲ. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠಾಪಿಸಿದ ಚೆನ್ನಕೇಶವನಿಗೆ ಅಲ್ಲಿ ಇಂದಿಗೂ ನಿತ್ಯಪೂಜೆ ನಡೆಯುತ್ತಿದೆ. ಹಾಗೆಂದು ಹೊಯ್ಸಳರನ್ನು ಘಟ್ಟಕ್ಕೆ ಒಯ್ದದ್ದು ಪೂರ್ತಿ ಆಧಾರವಿಲ್ಲದ ಮಾತೂ ಅಲ್ಲ. ಅವರ ಮೂಲಸ್ಥಾನವೆಂದು ಹೇಳುವ ಸೊಸೆವೂರು, ಅಂದರೆ ಈಗಿನ ಅಂಗಡಿ, ಮೂಡಿಗೆರೆ ತಾಲ್ಲೂಕಿನ ಮಲೆನಾಡಿನಲ್ಲಿಯೇ ಇದೆ. ಆದ್ದರಿಂದ ಸ್ಥಳದ ವಿಷಯದಲ್ಲಿ ಆಟ ತೆಗೆದುಕೊಂಡ ಸ್ವಾತಂತ್ರ್ಯಕ್ಕೆ ನನ್ನ ಆಕ್ಷೇಪವಿಲ್ಲ.

ನನ್ನ ಆಕ್ಷೇಪವಿರುವುದು ಕೈಗೆ ಕೊಟ್ಟ ಕೆಲಸದ ಬಗ್ಗೆ. ಹೊಯ್ಸಳ ಶಿಲ್ಪಿಗಳು ಆರಿಸಿಕೊಂಡದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಈ ಕಲ್ಲಿನ ಗುಣದಿಂದಲೇ ಅಷ್ಟು ಸೂಕ್ಷ್ಮ ಕೆತ್ತನೆ ಸಾಧ್ಯವಾಯಿತು. ಹೊಯ್ಸಳೇಶ್ವರದ ಗೋಡೆಯ ಬುಡದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹಗಳು, ಬಳ್ಳಿ, ಕುದುರೆ ಸವಾರರು, ಪುರಾಣದ ಕಥೆಗಳು, ಮಕರ, ಹಂಸಗಳು ಒಂದರ ಮೇಲೊಂದು ಪಟ್ಟಿಗಳಾಗಿ ಸಾಗುತ್ತವೆ. ರಾವಣನು ಕೈಲಾಸವನ್ನೆತ್ತುವ ಫಲಕದ ಮುಂದೆ ನಿಂತರೆ, ಬೆಟ್ಟದ ಪದರ ಪದರದಲ್ಲಿ ಪ್ರಾಣಿಗಳೂ ಗಣಗಳೂ ಕಿಕ್ಕಿರಿದಿರುವುದು ನಿಧಾನವಾಗಿ ಒಂದೊಂದಾಗಿ ತೆರೆದುಕೊಳ್ಳುತ್ತದೆ. ಕೊರಳ ಹಾರದ ಹಿಂದೆ ಕಲ್ಲನ್ನು ಕೊರೆದು ಪೊಳ್ಳು ಮಾಡಿರುವುದು ಪಕ್ಕಕ್ಕೆ ಸರಿದು, ತಲೆ ಬಾಗಿಸಿ ನೋಡಿದವರಿಗೆ ಮಾತ್ರ ಕಾಣುತ್ತದೆ. ಪ್ರದಕ್ಷಿಣೆಯ ವೇಗದಲ್ಲಿ ನಡೆಯುವವರಿಗಾಗಿ ಕಟ್ಟಿದ ಗೋಡೆ ಅದು. 'ಲಾಸ್ಟ್ ಲೆಗಸಿ' ಅಂಥ ಗೋಡೆಗಳ ನಡುವೆ ನಮಗೆ ಒಪ್ಪಿಸುವ ಕೆಲಸವೆಂದರೆ ಅಂಚು ಹಿಡಿದು ಏರುವುದು, ಹಗ್ಗ ಬೀಸಿ ಜಿಗಿಯುವುದು, ಕಂಬದ ಮರೆಯಲ್ಲಿ ಅವಿತು ಗುಂಡು ಹಾರಿಸುವುದು. ಕೆತ್ತನೆ ಅಲ್ಲಿ ಕೈಯಾಸರೆಯಾಗುತ್ತದೆ, ಇಲ್ಲವೇ ಹಿನ್ನೆಲೆಯಾಗುತ್ತದೆ.

ಆಟ ತನ್ನ ಈ ಸ್ವಭಾವವನ್ನು ಮೀರಿದ ಜಾಗಗಳೂ ಇವೆ, ಅವುಗಳನ್ನು ವಿಶೇಷವಾಗಿ ಗುರುತು ಮಾಡಿಟ್ಟಿದ್ದೇನೆ. ಬೆಳಕಿನ ಮುಂದೆ ಒಡೆದ ಶಿಲ್ಪದ ತುಂಡುಗಳನ್ನು ತಿರುಗಿಸಿ, ಗೋಡೆಯ ಮೇಲೆ ಸರಿಯಾದ ನೆರಳು ಮೂಡಿಸಬೇಕಾದ ಒಗಟು ಅವುಗಳಲ್ಲಿ ಶ್ರೇಷ್ಠವಾದದ್ದು. ಗಣೇಶನ ಮತ್ತು ಪರಶುರಾಮನ ಕಥೆ ತಿಳಿದವರಿಗೆ ಆ ನೆರಳು ಕೂಡುವ ಕ್ಷಣ ಮೈ ಜುಮ್ಮೆನ್ನಿಸುತ್ತದೆ, ಏಕೆಂದರೆ ಅಷ್ಟು ಹೊತ್ತು ನಾವು ಶಿಲ್ಪವನ್ನು ಶಿಲ್ಪವಾಗಿಯೇ ನೋಡಿರುತ್ತೇವೆ. ಕ್ಲೋಯಿ ಕೆಲವೆಡೆ ತನ್ನ ಮೊಬೈಲ್ ತೆಗೆದು ದೃಶ್ಯವನ್ನು ಸೆರೆಹಿಡಿಯುವ ಸಣ್ಣ ಅವಕಾಶವೂ ಇದೇ ಕಾರಣಕ್ಕೆ ನನಗೆ ಪ್ರಿಯವಾಯಿತು.

ನೋಡುವುದೊಂದನ್ನೇ ಆಟದ ಪೂರ್ತಿ ಕೆಲಸವನ್ನಾಗಿ ಮಾಡಬಹುದೇ ಎಂಬ ಪ್ರಶ್ನೆಗೆ 'ಓಬ್ರಾ ಡಿನ್' ಉತ್ತರ ಕೊಟ್ಟಿತು. ಲ್ಯೂಕಾಸ್ ಪೋಪ್ ರಚಿಸಿದ ಈ ಆಟ 2018ರದು. 1802ರಲ್ಲಿ ಲಂಡನ್ನಿನಿಂದ ಪೂರ್ವದೇಶಗಳಿಗೆ ಹೊರಟ ಹಡಗೊಂದು 1807ರಲ್ಲಿ ಜೀವಂತ ಮನುಷ್ಯರಾರೂ ಇಲ್ಲದೆ ಫಾಲ್ಮೌತ್ ಬಂದರಿಗೆ ತೇಲಿ ಬರುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ವಿಮಾ ತನಿಖಾಧಿಕಾರಿಯಾದ ನಾವು ಹಡಗಿನಲ್ಲಿದ್ದ 60 ಜನರಲ್ಲಿ ಪ್ರತಿಯೊಬ್ಬರೂ ಯಾರು, ಅವರ ಗತಿ ಏನಾಯಿತು ಎಂಬುದನ್ನು ಲೆಕ್ಕದ ಪುಸ್ತಕದಲ್ಲಿ ತುಂಬಬೇಕು. ಜೇಬು ಗಡಿಯಾರವೊಂದು ಸತ್ತವರ ಕೊನೆಯ ಕ್ಷಣಕ್ಕೆ ನಮ್ಮನ್ನು ಒಯ್ಯುತ್ತದೆ. ಆ ಕ್ಷಣ ಸ್ತಬ್ಧವಾಗಿರುತ್ತದೆ, ನಾವು ಅದರೊಳಗೆ ಓಡಾಡಬಹುದು, ಏನನ್ನೂ ಮುಟ್ಟಲಾಗದು. ಚಿತ್ರಗಳೆಲ್ಲ ಹಳೆಯ ಮ್ಯಾಕಿಂತೋಷ್ ಕಂಪ್ಯೂಟರಿನ ಪರದೆಯಂತೆ ಎರಡೇ ಬಣ್ಣಗಳ ಚುಕ್ಕೆಗಳು. ತೂಗುಮಂಚದ ಮೇಲಿನ ಸಂಖ್ಯೆ, ತೊಟ್ಟ ಬೂಟು, ಮಾತಿನ ಧಾಟಿ, ಯಾರು ಯಾರ ಪಕ್ಕದಲ್ಲಿ ನಿಂತಿದ್ದಾರೆ ಎಂಬುದು ಇವೇ ಸುಳಿವುಗಳು. ಮೂವರ ವಿವರ ಸರಿಯಾದಾಗ ಮಾತ್ರ ಪುಸ್ತಕ ಅದನ್ನು ಖಚಿತಪಡಿಸುವುದರಿಂದ ಊಹೆಯಿಂದ ದಾಟಿಹೋಗುವುದು ಕಷ್ಟ.

ಹಡಗಿನ ಆ 60 ಜನರಲ್ಲಿ ಭಾರತದ ನಾವಿಕರೂ ಇದ್ದಾರೆ. ಕಂಪನಿಯ ಕಾಲದ ಹಡಗುಗಳಲ್ಲಿ ದುಡಿದ ಲಸ್ಕರರೆಂಬ ಇಂಥ ನಾವಿಕರ ಹೆಸರು ಚರಿತ್ರೆಯಲ್ಲಿ ಉಳಿದದ್ದು ಕಡಿಮೆ. ಈ ಆಟದಲ್ಲಿ, ಹಡಗಿನ ಒಳಗಿನ ಕತ್ತಲಲ್ಲಿ ಕಾಯಿಲೆಯಿಂದ ತೀರಿಕೊಂಡವರೂ ಸೇರಿದಂತೆ ಅವರ ಮುಖಗಳನ್ನು ನೋಡಿ, ಒಬ್ಬರನ್ನು ಇನ್ನೊಬ್ಬರಿಂದ ಬೇರ್ಪಡಿಸಿ, ಸರಿಯಾದ ಹೆಸರನ್ನು ಬರೆಯದೆ ಪುಸ್ತಕ ಮುಗಿಯುವುದಿಲ್ಲ. ಕ್ಯಾಪ್ಟನ್ನನ ಹೆಸರಿಗೆ ಎಷ್ಟು ಬೆಲೆಯೋ ಅವರ ಹೆಸರಿಗೂ ಅಷ್ಟೇ ಬೆಲೆ. ಭಾರತವನ್ನು ತೋರಿಸಬೇಕೆಂದು ಹೊರಡದ ಆಟವೊಂದು ನಮ್ಮವರಿಗೆ ಕೊಟ್ಟ ಗೌರವವಿದು, ಮತ್ತು ಅದು ದೈತ್ಯ ವಿಗ್ರಹಗಳಿಗಿಂತ ನನ್ನ ಮನಸ್ಸಿನಲ್ಲಿ ಆಳವಾಗಿ ಉಳಿದಿದೆ.

'ವೆಣ್ಬಾ' ಒಂದು ಸಂಜೆಯಲ್ಲಿ ಮುಗಿಯುವಷ್ಟು ಚಿಕ್ಕದು. ಟೊರೊಂಟೊದ ವಿಸೈ ಗೇಮ್ಸ್ 2023ರಲ್ಲಿ ಹೊರತಂದ ಈ ಆಟ, 1980ರ ದಶಕದಲ್ಲಿ ಕೆನಡಾಕ್ಕೆ ವಲಸೆ ಹೋದ ತಮಿಳು ಕುಟುಂಬವೊಂದರ ಕಥೆಯನ್ನು ಅಡುಗೆಯ ಮೂಲಕ ಹೇಳುತ್ತದೆ; ಮರುವರ್ಷ ಅದಕ್ಕೆ ಚೊಚ್ಚಲ ಆಟಕ್ಕೆ ಕೊಡುವ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಯೂ ಬಂದಿತು. ಮೊದಲ ಒಗಟೇ ಇಡ್ಲಿ. ತಾಯಿಯಿಂದ ಬಂದ ಪಾಕ ಪುಸ್ತಕದ ಹಾಳೆ ಹರಿದಿದೆ, ಅಕ್ಷರ ಮಾಸಿದೆ; ಹಬೆ ಎಲ್ಲ ಇಡ್ಲಿಗೂ ತಲುಪಬೇಕಾದರೆ ತಟ್ಟೆಗಳನ್ನು ಹೇಗೆ ಜೋಡಿಸಬೇಕು ಎಂಬುದನ್ನು ನಾವೇ ಯೋಚಿಸಿ ಕಂಡುಕೊಳ್ಳಬೇಕು. ನಮ್ಮ ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಹೇಳಿಕೊಡದ, ಕೈಗೇ ಗೊತ್ತಿರುವ ಸಂಗತಿ ಅದು. ಅದನ್ನು ಹಾಗೆಯೇ ಆಟಗಾರನ ಕೈಗೆ ದಾಟಿಸಿದ್ದಾರೆ. ಮುಂದೆ ಮಗ ಕವಿನ್ ಬೆಳೆದು, ತನಗೆ ಸರಾಗವಾಗಿ ಬಾರದ ಭಾಷೆಯ ಆ ಪುಸ್ತಕವನ್ನು ಎದುರಿಗಿಟ್ಟುಕೊಂಡು ಅಡುಗೆ ಮಾಡಲು ನಿಂತಾಗ, ಪರದೇಶದಲ್ಲಿರುವ ಕನ್ನಡದ ಮನೆಗಳು ನೆನಪಾಗದೆ ಇರಲಾರವು. ಅಲ್ಲಿಯೂ ಮಕ್ಕಳಿಗೆ ಅಜ್ಜಿಯ ಮಾತು ಅರ್ಧ ತಿಳಿಯುತ್ತದೆ, ಸಾರಿನ ರುಚಿ ಪೂರ್ತಿ ತಿಳಿಯುತ್ತದೆ.

'ರಾಜಿ: ಆ್ಯನ್ ಏನ್ಷೆಂಟ್ ಎಪಿಕ್' ಬಗ್ಗೆ ಹೆಚ್ಚು ಬರೆಯುವುದಿಲ್ಲ. ಪುಣೆಯ ನಾಡಿಂಗ್ ಹೆಡ್ಸ್ ತಂಡ 2017ರಲ್ಲಿ ಕಿಕ್‌ಸ್ಟಾರ್ಟರ್ ಎಂಬ ಜಾಲತಾಣದ ಮೂಲಕ ಜನರಿಂದ ಹಣ ಕೂಡಿಸಲು ಯತ್ನಿಸಿ, ಅದು ಕೈಗೂಡದೆ ಹೋದರೂ ಪಟ್ಟು ಬಿಡದೆ 2020ರಲ್ಲಿ ಇದನ್ನು ಬಿಡುಗಡೆ ಮಾಡಿತು. ಆ ಶ್ರಮದ ಬಗ್ಗೆ ನನಗೆ ತುಂಬ ಅಭಿಮಾನವಿದೆ. ತಮ್ಮ ಗೋಲುವನ್ನು ಅಸುರರಿಂದ ಬಿಡಿಸಲು ಹೊರಟ ರಾಜಿಯ ಕಥೆಯನ್ನು ದುರ್ಗೆ ಮತ್ತು ವಿಷ್ಣು ಮಾತನಾಡಿಕೊಳ್ಳುತ್ತ ನಿರೂಪಿಸುತ್ತಾರೆ. ನಡುನಡುವೆ ಬರುವ ನೆರಳುಗೊಂಬೆಯ ದೃಶ್ಯಗಳು ತೊಗಲುಗೊಂಬೆಯಾಟವನ್ನು ಕಂಡವರಿಗೆ ಬಲು ಆಪ್ತವಾಗುತ್ತವೆ. ಗೋಡೆಚಿತ್ರಗಳ ಮುಂದೆ ನಿಂತರೆ ದೇವತೆಗಳು ಅವುಗಳ ಕಥೆ ಹೇಳುವ ಕ್ರಮವೂ ಸೊಗಸಾಗಿದೆ. ಕಾಳಗಗಳು ಬಿಗಿಯಾಗಿಲ್ಲ, ಕಥೆ ಥಟ್ಟನೆ ನಿಂತುಬಿಡುತ್ತದೆ ಎಂಬ ಕೊರತೆಗಳ ನಡುವೆಯೂ ಆ ಗೋಡೆಚಿತ್ರಗಳಿಗಾಗಿ ಇದನ್ನು ಆಡಬೇಕೆಂದು ಹೇಳುತ್ತೇನೆ.

ಇನ್ನು ಎದುರು ನೋಡುತ್ತಿರುವ ಆಟಗಳು. ಮುಂಬೈಯ ಅಂಡರ್‌ಡಾಗ್ಸ್ ಸ್ಟುಡಿಯೊದ 'ಮುಕ್ತಿ' ಮೊದಲನೆಯದು. ಭಾರತದ ಆಟ ತಯಾರಕರಿಗೆ ನೆರವಾಗುವ ಸೋನಿ ಸಂಸ್ಥೆಯ ಯೋಜನೆಯಾದ ಇಂಡಿಯಾ ಹೀರೊ ಪ್ರಾಜೆಕ್ಟ್ ಬೆಂಬಲಿಸಿದ ಆಟಗಳಲ್ಲಿ ಅದೂ ಒಂದು. ಅದು ನಡೆಯುವುದು ವಸ್ತುಸಂಗ್ರಹಾಲಯದೊಳಗೆ, ಅದರ ವಿಷಯ ಮಾನವ ಕಳ್ಳಸಾಗಣೆ. ಆಯುಧ ಹಿಡಿಯದೆ, ವಸ್ತುಗಳ ನಡುವೆ ಅಡ್ಡಾಡುತ್ತ, ಅವುಗಳನ್ನು ಪರಿಶೀಲಿಸುತ್ತ ಕಥೆ ತಿಳಿಯುವ ಬಗೆ ಅದಾದ್ದರಿಂದ ನನ್ನ ನಿರೀಕ್ಷೆ ದೊಡ್ಡದಿದೆ. ಅದೇ ಯೋಜನೆಯ 'ಫಿಶ್‌ಬೌಲ್' ಅಜ್ಜಿಯನ್ನು ಕಳೆದುಕೊಂಡು ಹೊಸ ನಗರದಲ್ಲಿ ಒಂಟಿಯಾಗಿ ಬದುಕುವ ಅಲೊ ಎಂಬ ಯುವತಿಯ ದಿನಚರಿ. 'ವೆಣ್ಬಾ' ಮೆಚ್ಚಿದವರು ಅದನ್ನೂ ಮೆಚ್ಚಬಹುದೆಂದು ನನ್ನ ಅನಿಸಿಕೆ.

ಆದರೆ ನಾನು ನಿಜಕ್ಕೂ ಹಂಬಲಿಸುವ ಆಟ ಇನ್ನೂ ಯಾರ ಕೈಯಲ್ಲಿಯೂ ಇಲ್ಲ. ಹೊಯ್ಸಳ ದೇವಾಲಯಗಳಲ್ಲಿ ಶಿಲ್ಪಿಗಳು ತಮ್ಮ ವಿಗ್ರಹಗಳ ಕೆಳಗೆ ಕನ್ನಡದಲ್ಲಿ ಹೆಸರು ಕೆತ್ತಿದ್ದಾರೆ: ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ, ಸೋಮನಾಥಪುರದಲ್ಲಿ ಮಲ್ಲಿತಮ್ಮ. ಹೆಸರಿಲ್ಲದ ವಿಗ್ರಹಗಳೂ ಬೇಕಾದಷ್ಟಿವೆ. ಕಿರೀಟದ ಕೆತ್ತನೆ, ಬೆರಳ ಬಾಗು, ಮೇಲಿನ ಎಲೆತೋರಣದ ಹೆಣಿಗೆ ಇವನ್ನು ಹೋಲಿಸಿ, ಯಾವ ವಿಗ್ರಹ ಯಾರ ಕೈಯದು ಎಂದು 'ಓಬ್ರಾ ಡಿನ್' ಕ್ರಮದಲ್ಲಿ ಪುಸ್ತಕ ತುಂಬುವ ಆಟವೊಂದನ್ನು ಯಾರಾದರೂ ಕಟ್ಟಿದರೆ, ಆ ಗೋಡೆಗಳಿಗೆ ತಕ್ಕ ಕೆಲಸ ಆಟಗಾರನ ಕೈಗೆ ಸಿಕ್ಕಂತಾಗುತ್ತದೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದರಿಂದ ಜಗತ್ತಿನ ಕುತೂಹಲಕ್ಕೂ ಕೊರತೆಯಿಲ್ಲ.

ಸದ್ಯಕ್ಕೆ ಆ ಆಟದ ಕರಡನ್ನು ಕಾಗದದ ಮೇಲಾದರೂ ಬರೆದು ನೋಡಬೇಕೆಂದು ತೀರ್ಮಾನಿಸಿದ್ದೇನೆ. ಮುಂದಿನ ಹಂತದಲ್ಲಿ ಸೋಮನಾಥಪುರಕ್ಕೆ ಹೋಗಿ, ಮಲ್ಲಿತಮ್ಮನ ಹೆಸರಿರುವ ವಿಗ್ರಹಗಳನ್ನು ಒಂದೇ ಅಳತೆಯ ಬೆಳಕಿನಲ್ಲಿ ಚಿತ್ರೀಕರಿಸಿ, ಹೆಸರನ್ನು ಮರೆಮಾಡಿದ ಪ್ರತಿಗಳನ್ನು ಗೆಳೆಯರ ಮುಂದಿಟ್ಟು, ಬರಿಗಣ್ಣಿನಿಂದ ಎಷ್ಟನ್ನು ಗುರುತಿಸಬಲ್ಲರು ಎಂದು ಪರೀಕ್ಷಿಸುವ ಯೋಜನೆಯಿದೆ. ಅದರ ಫಲಿತಾಂಶ, ಜೊತೆಗೆ 'ಲಾಸ್ಟ್ ಲೆಗಸಿ'ಯ ಉಳಿದ ಚಿತ್ರಗಳ ಜೋಡಣೆ, ಮುಂದಿನ ದಾಖಲೆಯಲ್ಲಿ ಬರುತ್ತವೆ.