ಸರ್ಕಾರದ ವಿಮಾನ ವೆಚ್ಚ ಸೋರುವುದು ಎಲ್ಲಿ?

‘ಅಧಿಕಾರಿಗಳಿಗೆ ಬಿಜಿನೆಸ್ ಕ್ಲಾಸ್ ನಿಲ್ಲಿಸಿಬಿಟ್ಟರೆ ಸರ್ಕಾರದ ಖರ್ಚು ಇಳಿಯುವುದಿಲ್ಲವೇ?’ ಸರ್ಕಾರಿ ನೌಕರರ ವಿಮಾನ ಪ್ರಯಾಣದ ಮಾತೆತ್ತಿದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಇದು.

ಇಳಿಯುತ್ತದೆ, ಆದರೆ ನೀವು ಎಣಿಸಿದಷ್ಟಲ್ಲ. ಕೇಂದ್ರ ಸರ್ಕಾರದಲ್ಲಿ ದೇಶದೊಳಗಿನ ಪ್ರಯಾಣಕ್ಕೆ ಆ ಸೌಲಭ್ಯ ಇರುವುದು ವೇತನ ಶ್ರೇಣಿಯ 14ನೇ ಹಂತ ಮತ್ತು ಅದಕ್ಕೆ ಮೇಲ್ಪಟ್ಟ ಹಿರಿಯ ಅಧಿಕಾರಿಗಳಿಗೆ ಮಾತ್ರ. 6ರಿಂದ 13ನೇ ಹಂತದವರು ಈಗಲೂ ಎಕಾನಮಿಯಲ್ಲೇ ಕೂರುತ್ತಾರೆ. ಏರ್ ಇಂಡಿಯಾದಲ್ಲೇ ಹೋಗಬೇಕೆಂಬ ಕಟ್ಟುಪಾಡು ಕೂಡ, ಅದು 2022ರ ಜನವರಿಯಲ್ಲಿ ಟಾಟಾ ಸಮೂಹದ ಪಾಲಾದ ಮೇಲೆ ಉಳಿದಿಲ್ಲ.

ನಾನು ಮೊದಲು ನೋಡುವುದು ಟಿಕೆಟ್ ಕೊಂಡ ದಿನಾಂಕವನ್ನು. ವಿಮಾನ ಸಂಸ್ಥೆಗಳು ಕಡಿಮೆ ದರಕ್ಕೆ ಕೆಲವೇ ಆಸನಗಳನ್ನು ಇಟ್ಟಿರುತ್ತವೆ. ಅವು ಮುಗಿದಂತೆ ದರ ಏರುತ್ತದೆ. ಹಿಂದಿನ ದಿನ ಕೊಳ್ಳುವವನಿಗೆ ಹೋಗಲೇಬೇಕಾದ ಅವಸರವಿದೆ ಎಂಬುದು ಅವುಗಳಿಗೆ ಚೆನ್ನಾಗಿ ಗೊತ್ತು.

2022ರ ಜೂನ್‌ನಲ್ಲಿ ಹಣಕಾಸು ಸಚಿವಾಲಯ ಹೊರಡಿಸಿದ ಆದೇಶ ಇದನ್ನು ಸರಿಯಾಗಿಯೇ ಗುರುತಿಸಿತು. ಕನಿಷ್ಠ 21 ದಿನ ಮೊದಲು ಟಿಕೆಟ್ ಕಾಯ್ದಿರಿಸಬೇಕು, ಅರ್ಹ ದರ್ಜೆಯಲ್ಲಿ ಅಗ್ಗದ ದರವನ್ನೇ ಆರಿಸಬೇಕು, ಒಂದು ಪ್ರಯಾಣಕ್ಕೆ ಒಂದೇ ಟಿಕೆಟ್ ಕೊಳ್ಳಬೇಕು. ಪ್ರಯಾಣಕ್ಕೆ 72 ಗಂಟೆಗಿಂತ ಕಡಿಮೆ ಇರುವಾಗ ಟಿಕೆಟ್ ಕೊಂಡರೆ, 24 ಗಂಟೆಗಿಂತ ಕಡಿಮೆ ಇರುವಾಗ ರದ್ದು ಮಾಡಿದರೆ ನೌಕರ ಕಾರಣ ಬರೆದುಕೊಡಬೇಕು.

ಒಳ್ಳೆಯ ಆದೇಶ. ಆದರೆ ಕಾರಣ ಕೊಡಬೇಕಾದವನು ಪ್ರಯಾಣಿಸುವ ನೌಕರ, ಸಭೆ ಕರೆದವರಲ್ಲ! ದೆಹಲಿಯ ಸೋಮವಾರದ ಸಭೆಗೆ ಶುಕ್ರವಾರ ಸಂಜೆ ಸೂಚನಾ ಪತ್ರ ಬಂದರೆ ಬೆಂಗಳೂರಿನವನು ಏನು ಮಾಡಿಯಾನು? ‘ಸೂಚನೆ ತಡವಾಗಿ ಬಂತು’ ಎಂದು ಬರೆಯುತ್ತಾನೆ, ಹಾಳೆ ಕಡತ ಸೇರುತ್ತದೆ, ದುಬಾರಿ ಬಿಲ್ ಅವನ ಕಚೇರಿಯ ಲೆಕ್ಕಕ್ಕೆ ಬೀಳುತ್ತದೆ. ಸಭೆ ಮುಂದೂಡಿದರೆ ರದ್ದತಿ ಶುಲ್ಕವೂ ಅಲ್ಲಿಗೇ. ತೀರ್ಮಾನ ಒಬ್ಬರದು, ದಂಡ ಇನ್ನೊಬ್ಬರದು. ಇದು ನನಗೆ ಅನ್ಯಾಯವಾಗಿ ಕಾಣುತ್ತದೆ.

ಆದ್ದರಿಂದ ನನ್ನ ಉತ್ತರ: ತಡವಾಗಿ ಸಭೆ ಕರೆದ ಇಲಾಖೆಯೇ ಹೆಚ್ಚುವರಿ ದರವನ್ನು ಭರಿಸಲಿ, ಕಾರಣವನ್ನೂ ಅದೇ ಬರೆಯಲಿ. ಕೊಡಲು ಒಪ್ಪದಿದ್ದರೆ ವಿಡಿಯೊ ಮೂಲಕ ಸಭೆ ನಡೆಸಲಿ. ಪ್ರವಾಹ, ಅಪಘಾತ, ನ್ಯಾಯಾಲಯದ ಹಾಜರಾತಿಯಂಥವಕ್ಕೆ ವಿನಾಯಿತಿ ಇರಲೇಬೇಕು. ಎಲ್‌ಟಿಸಿ (ನೌಕರರ ರಜೆ ಪ್ರಯಾಣಕ್ಕೆ ಸರ್ಕಾರ ಕೊಡುವ ರಿಯಾಯಿತಿ) ಪ್ರವಾಸಕ್ಕೆ ಮಾತ್ರ ಈ ವಾದ ಅನ್ವಯಿಸದು. ಅಲ್ಲಿ ದಿನ ಗೊತ್ತುಮಾಡುವವನು ನೌಕರನೇ, 21 ದಿನ ಮೊದಲು ಟಿಕೆಟ್ ಕೊಳ್ಳುವ ಹೊಣೆಯೂ ಅವನದೇ.