ಖಾಲಿ ಬಿಟ್ಟ ಷರಾ ಕಾಲಂ

ಗಂಗಾವತಿಯ ಒಂದು ಅಕ್ಕಿ ಮಿಲ್ಲಿನಲ್ಲಿ ಖರೀದಿ ನೋಡಿಕೊಳ್ಳುವ ಕೆಲಸ ನನ್ನದು. ಹಿಂದಿನ ಹಂಗಾಮಿನಲ್ಲಿ ಪ್ರಿಂಟ್ ಹಾಕಿದ 5,000 ಚೀಲಕ್ಕೆ ಆರ್ಡರ್ ಕೊಟ್ಟು, ಮುಂಗಡ ಕಳಿಸಿದ್ದೆ. ಚೀಲಕ್ಕೆ 18 ರೂಪಾಯಿ. ರೇಟು ಏರಿದ್ದೇ ತಡ, ಆ ವ್ಯಾಪಾರಿ ‘ನಾಳೆ ಕಳಿಸ್ತೀನ್ರಿ’ ಅನ್ನುತ್ತಲೇ ಫೋನ್ ಎತ್ತುವುದನ್ನು ಬಿಟ್ಟರು. 22ರಂತೆ ಬೇರೆ ಕಡೆ ಕೊಂಡೆವು. ಅಷ್ಟರಲ್ಲಿ ಬೆಂಗಳೂರಿಗೆ ಹೋಗಬೇಕಿದ್ದ ಅಕ್ಕಿ ಲೋಡು ತಪ್ಪಿತ್ತು.

ಲೋಡಿನ ಲಾಭವೂ ಬರಬೇಕು, ಕರಾರಿನಲ್ಲಿ ಬರೆದ ಎರಡು ಲಕ್ಷ ದಂಡವೂ ಬರಬೇಕು ಎಂದು ಮಿಲ್ಲಿನ ಸಾವ್ಕಾರರು ಪಟ್ಟು ಹಿಡಿದರು. ವಕೀಲರು ಆರ್ಡರ್ ಹಾಳೆಯನ್ನು ಪೂರ್ತಿ ಓದಿ, ವಿಶೇಷ ಸೂಚನೆ ಬರೆಯುವ ಷರಾ ಕಾಲಂ ಮೇಲೆ ಬೆರಳಿಟ್ಟರು. ಅದು ಖಾಲಿ.

“ಚೀಲ ಬರದಿದ್ರ ಲೋಡು ತಪ್ಪತೈತಿ ಅಂತ ಅವರಿಗೆ ಮೊದ್ಲ ಹೇಳಿದ್ರೇನ್ರಿ?”

ಹೇಳಿರಲಿಲ್ಲ. ಬರೆಯಬೇಕಾದವನು ನಾನೇ.

1872ರ ಕರಾರು ಕಾಯ್ದೆಯ 73ನೇ ಕಲಂ ಕೊಡಿಸುವುದು ಎರಡೇ ಬಗೆಯ ನಷ್ಟ: ಕರಾರು ಮುರಿದಾಗ ಸಹಜವಾಗಿ ಆಗುವಂಥದ್ದು, ಇಲ್ಲವೇ ಕರಾರು ಮಾಡುವಾಗಲೇ ಇಬ್ಬರಿಗೂ ಗೊತ್ತಿದ್ದಂಥದ್ದು. ಇದರ ಬೇರು 1854ರ ಇಂಗ್ಲೆಂಡಿನ ತೀರ್ಪೊಂದರಲ್ಲಿದೆ. ಅದೂ ಹಿಟ್ಟಿನ ಗಿರಣಿಯದೇ! ಮುರಿದ ಷಾಫ್ಟ್ ಸಾಗಿಸುವವರು ತಡ ಮಾಡಿದರು, ನಿಂತಿದ್ದ ಗಿರಣಿ ಇನ್ನಷ್ಟು ದಿನ ನಿಂತೇ ಇತ್ತು. ಷಾಫ್ಟ್ ಇಲ್ಲದೆ ಗಿರಣಿ ನಿಲ್ಲುತ್ತದೆಂದು ಅವರಿಗೆ ತಿಳಿಸಿರಲಿಲ್ಲವೆಂದು ಕೈತಪ್ಪಿದ ಲಾಭ ಗಿರಣಿಯವರಿಗೆ ಸಿಗಲಿಲ್ಲ. ಕೇಳಿ ನನಗೆ ಹೊಟ್ಟೆಯಲ್ಲಿ ಕಿವುಚಿದಂತಾಯಿತು.

ದಂಡದ ಮೊತ್ತವೂ ಹಾಗೇ. 74ನೇ ಕಲಂ ಪ್ರಕಾರ ಅದು ಮೇಲ್ಮಿತಿ ಮಾತ್ರ. ಅದರೊಳಗೆ ಕೋರ್ಟಿಗೆ ನ್ಯಾಯವೆನಿಸಿದಷ್ಟೇ ಪರಿಹಾರ. ‘ಚೀಲವನ್ನೇ ಕೊಡಿಸಿ’ ಎಂದು ಕೇಳುವುದರಲ್ಲಿ ನಮಗೆ ಅರ್ಥವಿರಲಿಲ್ಲ, ಆ ದಾರಿ ಹೊಲ, ಮನೆಯ ಕರಾರಿಗೆ ಹೆಚ್ಚು ಹೊಂದುತ್ತದೆ.

ನಮ್ಮ ಕೈ ಹಿಡಿದದ್ದು ಒಂದೇ: ತಡಮಾಡದೆ ಬೇರೆ ಚೀಲ ಕೊಂಡದ್ದು, ಮೂರು ಅಂಗಡಿಗಳ ರೇಟು ಚೀಟಿ ಜೋಪಾನ ಮಾಡಿದ್ದು. ನಷ್ಟ ತಗ್ಗಿಸಲು ನಾವೇನು ಮಾಡಿದೆವು ಎಂಬುದನ್ನೂ ಕಾಯ್ದೆ ನೋಡುತ್ತದೆ. ಚೀಲಕ್ಕೆ 4 ರೂಪಾಯಿ ವ್ಯತ್ಯಾಸ, ಒಟ್ಟು 20,000. ದಾವೆ ಹೂಡಲು ಕರಾರು ಮುರಿದ ದಿನದಿಂದ ಮೂರು ವರ್ಷ ಇರುತ್ತದೆ. ನಮಗೆ ಕೋರ್ಟು ಹತ್ತುವ ಪ್ರಸಂಗ ಬರಲಿಲ್ಲ. ನೋಟಿಸ್ ಹೋದ ಮೇಲೆ ಮುಂಗಡವೂ ಆ 20,000ವೂ ಎರಡು ಕಂತಿನಲ್ಲಿ ಬಂದವು. ಲೋಡಿನ ಲಾಭ ಹೋದದ್ದು ಹೋಯಿತು.

ಈಗ ಪ್ರತಿ ಆರ್ಡರಿನ ಷರಾದಲ್ಲಿ ಬರೆಯುತ್ತೇನೆ: ‘ಈ ಮಾಲು ಇಂಥ ತಾರೀಖಿನ ಲೋಡಿಗೆ ಬೇಕು, ತಡವಾದರೆ ಆ ಲೋಡು ರದ್ದಾಗುತ್ತದೆ.’ ‘ಓದಿದೆ, ಒಪ್ಪಿದೆ’ ಎಂದು ಅವರ ಉತ್ತರ ಬಂದ ಮೇಲೆಯೇ ಮುಂಗಡ ಹಾಕುತ್ತೇನೆ.